ಇನ್ನು ಮುಂದೆ ಕೇಕ್ ಪೆಟ್ಟಿಗೆಗೆ 21 ದಿನ ಬೇಕು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಇಲ್ಲಿಯವರೆಗೆ ನೀವು ಆರ್ಡರ್ ಕೊಟ್ಟ 7ನೇ ದಿನಕ್ಕೆ ಕೇಕ್ ಪೆಟ್ಟಿಗೆ, ಅಂದರೆ ಕೇಕಿನಂತೆಯೇ ಕಾಣುವ ನಮ್ಮ ಉಡುಗೊರೆ ಪೆಟ್ಟಿಗೆ, ಕಳಿಸಿಕೊಡುತ್ತಿದ್ದೆವು. ಇನ್ನು ಮುಂದೆ 21 ದಿನ ಬೇಕು. ಅರ್ಜೆಂಟ್ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಬುಕ್ ಮಾಡಿದವರಿಗೆ ಒಬ್ಬೊಬ್ಬರಿಗೂ ನಾವೇ ಫೋನ್ ಮಾಡಿ ಹೊಸ ತಾರೀಖು ಹೇಳುತ್ತೇವೆ. ಆ ತಾರೀಖು ಒಗ್ಗದಿದ್ದರೆ ಮುಂಗಡ ಪೂರ್ತಿ ವಾಪಸ್. ಮುಖ್ಯ ವಿಷಯ ಇಷ್ಟೇ. ಕಾರಣ ಬೇಕೆನ್ನುವವರು ಮುಂದೆ ಓದಿ. ಸ್ವಲ್ಪ ಉದ್ದವಾಗಿದೆ, ಯಾಕೆಂದರೆ ತಪ್ಪು ನಮ್ಮದು.

ಗ್ರಾಹಕಿಯೊಬ್ಬರು ತಂಗಿಯ ಹುಟ್ಟುಹಬ್ಬಕ್ಕೆಂದು 18 ಸೆಂ.ಮೀ. ಅಡ್ಡಳತೆಯ ಪೆಟ್ಟಿಗೆ ತರಿಸಿಕೊಂಡಿದ್ದರು. ಒಳಗೆ ಒಂದು ಕೈಗಡಿಯಾರ, ಒಂದು ಪತ್ರ. ಎಲ್ಲರೂ ಸುತ್ತ ನಿಂತಿದ್ದಾಗ ತಂಗಿ ಮುಚ್ಚಳ ಎತ್ತಿದರೆ ಪೆಟ್ಟಿಗೆಗೆ ಪೆಟ್ಟಿಗೆಯೇ ಮೇಲೆದ್ದು ಬಂತು. ಅಲುಗಾಡಿಸಿದರು, ತಿರುಗಿಸಿದರು, ಸಂದಿಗೆ ಚಮಚದ ಹಿಡಿ ತೂರಿಸಿದರು. ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊನೆಗೆ ಚಾಕು ತಂದು ಒಂದು ಹೋಳು ಕೊಯ್ದು ಗಡಿಯಾರ ಹೊರತೆಗೆದರಂತೆ. "ಕೇಕ್ ಅಂತ ಕೊಟ್ಟಿರಿ, ಕೇಕ್ ಥರಾನೇ ಕತ್ತರಿಸಿದ್ವಿ" ಎಂದು ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ. ಆ ಹೋಳನ್ನೊಮ್ಮೆ ಕಳಿಸಿಕೊಡಿ ಎಂದು ಕೇಳಿದೆವು, ಕಳಿಸಿದರು.

ನಾವು ಆರು ಮಂದಿ, ಅವರವರ ಮನೆಯಲ್ಲೇ ಕೂತು ಈ ಕೆಲಸ ಮಾಡುವವರು. ಆವತ್ತು ಆರೂ ಜನ ಒಂದೇ ಮೇಜಿನ ಸುತ್ತ ಸೇರಿ ಆ ಹೋಳನ್ನು ನೋಡಿದೆವು. ಮೇಲಂಚಿನಲ್ಲಿ ಕ್ರೀಮಿನ ಒಂದು ಗುಲಾಬಿ ಇಡಿಯಾಗಿ ಉಳಿದಿತ್ತು. ಮುಟ್ಟಿದರೆ ಗಟ್ಟಿ, ಉಗುರಿನಲ್ಲಿ ತಟ್ಟಿದರೆ ಟಕ್ ಎನ್ನುತ್ತದೆ. ಬ್ಲೇಡಿನಿಂದ ಅಡ್ಡ ಕೊಯ್ದರೆ ಹೊರಗೆ ಬೆಳ್ಳನೆಯ ತೆಳು ಸಿಪ್ಪೆ, ನಡುವೆ ಇನ್ನೂ ಹಸಿ ಮುದ್ದೆ. ಬೆರಳಿಗೆ ಅಂಟಿಕೊಂಡಿತು. ಹೂವು ಹಿಂಡಿ ಆಗಲೇ 16 ದಿನ ಕಳೆದಿತ್ತು.

ನಮ್ಮ ಕ್ರೀಮು ಅಂದರೆ ಗೋಡೆಯ ಬಿರುಕು ತುಂಬುವ ಹಗುರವಾದ ಫಿಲ್ಲರ್‌ಗೆ ಅಕ್ರಿಲಿಕ್ ಬಣ್ಣ ಕಲಸಿದ ಪೇಸ್ಟು. ನೀರು ಆರಿದರೆ ಮಾತ್ರ ಗಟ್ಟಿಯಾಗುವ ವಸ್ತು. ಮೊದಲು ಆರುವುದು ಹೊರಮೈ. ಆಮೇಲೆ ಒಳಗಿನ ನೀರು ಅದೇ ಸಿಪ್ಪೆಯನ್ನು ದಾಟಿ ಹೊರಗೆ ಬರಬೇಕು. ಹೂವು ದಪ್ಪವಾದಷ್ಟೂ, ಹವೆಯಲ್ಲಿ ತೇವ ಹೆಚ್ಚಿದಷ್ಟೂ ಅದಕ್ಕೆ ದಿನ ಹಿಡಿಯುತ್ತದೆ. ನಾವು ಮುಟ್ಟಿ ನೋಡಿ "ಆರಿದೆ" ಎಂದು ತೀರ್ಮಾನಿಸುತ್ತಿದ್ದೆವು. ಮುಟ್ಟಿದ್ದು ಬರೀ ಸಿಪ್ಪೆಯನ್ನು. ಸಾಲದ್ದಕ್ಕೆ, ಚೆಂದ ಕಾಣಲೆಂದು ಕ್ರೀಮನ್ನು ಮುಚ್ಚಳದಿಂದ ಕೆಳಗಿನ ಪೆಟ್ಟಿಗೆಯವರೆಗೂ ಇಳಿಬಿಡುತ್ತಿದ್ದೆವು. ಸಾಗಣೆಯಲ್ಲಿ ಒತ್ತು ಬಿದ್ದಾಗ ಹಸಿ ಕ್ರೀಮು ಎರಡನ್ನೂ ಸೇರಿಸಿ ಬೆಸೆದುಬಿಟ್ಟಿದೆ.

ಇನ್ನೊಂದು ತಪ್ಪು ಲೆಕ್ಕದ್ದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಮ್ಮ ಕಿಟ್ ತರಿಸಿಕೊಂಡು ಮನೆಯಲ್ಲೇ ಮಾಡುವವರಿಗೆ ಉಪಯೋಗವಾದೀತು. 18 ಸೆಂ.ಮೀ. ಅಡ್ಡಳತೆಯ ಪೆಟ್ಟಿಗೆಯ ಸುತ್ತಳತೆ 56.5 ಸೆಂ.ಮೀ. ಮುಚ್ಚಳ ಸಲೀಸಾಗಿ ಕೂರಲಿ ಎಂದು ಮುಚ್ಚಳದ ಸುತ್ತಿನ ಪಟ್ಟಿಯನ್ನು ಅದಕ್ಕಿಂತ 3 ಮಿ.ಮೀ. ಹೆಚ್ಚು ಉದ್ದ ಇಡುತ್ತಿದ್ದೆವು. 3 ಮಿ.ಮೀ. ಸಡಿಲ ಸಾಕಲ್ಲ ಎಂಬ ಧೈರ್ಯ. ಆದರೆ ಅದು ಸುತ್ತಳತೆಗೆ ಸೇರಿದ 3 ಮಿ.ಮೀ. ಅಡ್ಡಳತೆಗೆ ಬಂದಾಗ 1 ಮಿ.ಮೀ. ಕೂಡ ಆಗುವುದಿಲ್ಲ, ಒಂದೊಂದು ಪಕ್ಕಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಹೊದಿಸುವ ಕಾಗದ ಮತ್ತು ಎರಡು ಕೈ ಬಣ್ಣಕ್ಕೇ ಅದು ಮುಗಿದುಹೋಯಿತು. ಅಡ್ಡಳತೆಯಲ್ಲಿ ನಿಜವಾಗಿ 3 ಮಿ.ಮೀ. ಸಡಿಲ ಬೇಕಿದ್ದರೆ ಪಟ್ಟಿಗೆ 9.4 ಮಿ.ಮೀ. ಸೇರಿಸಬೇಕು. ಕಿಟ್ಟಿನ ಜೊತೆ ಬರುವ ಅಳತೆಯ ಹಾಳೆಯಲ್ಲೂ ಇದೇ ತಪ್ಪು ಇದೆ. ನಿಮ್ಮಲ್ಲಿ ಹಳೆಯ ಹಾಳೆ ಇದ್ದರೆ ದಯವಿಟ್ಟು ಹರಿದು ಹಾಕಿ, ಹೊಸದು ಕಳಿಸುತ್ತೇವೆ.

ಈಗ ಏನು ಬದಲಾಗಿದೆ ಅಂದರೆ, ಹೂಗಳನ್ನು ನೇರ ಮುಚ್ಚಳದ ಮೇಲೆ ಹಿಂಡುವುದನ್ನು ಬಿಟ್ಟಿದ್ದೇವೆ. ಬಟರ್ ಪೇಪರ್ ಮೇಲೆ ಒಂದೊಂದಾಗಿ ಹಿಂಡಿ, ಎರಡು ದಿನ ಬಿಟ್ಟು ಮೆಲ್ಲಗೆ ಬಿಡಿಸಿ ಬೋರಲು ಹಾಕುತ್ತೇವೆ. ತಳಕ್ಕೂ ಗಾಳಿ ತಾಗಿದರೆ ಎರಡೂ ಕಡೆಯಿಂದ ಆರುತ್ತದೆ. ಹೀಗೆ 10 ದಿನ. ಪ್ರತಿ ತಟ್ಟೆಯಿಂದ ಒಂದು ಹೂವನ್ನು ಕೊಯ್ದು ನೋಡಿ, ನಡುವೆಯೂ ಒಣಗಿದ್ದರೆ ಮಾತ್ರ ಉಳಿದವನ್ನು ಅಂಟಿಸುವುದು. ಚೆನ್ನಾಗಿ ಬಂದ ಹೂವನ್ನು ಹೀಗೆ ಕೊಯ್ಯುವಾಗ ನಮ್ಮಲ್ಲಿ ಹೂವು ಹಿಂಡುವವರ ಮುಖ ನೋಡಬೇಕು!

ಮುಚ್ಚಳ ಕೂರುವ ಜಾಗಕ್ಕೆ ಬಣ್ಣ ಹಚ್ಚುವುದನ್ನೂ ನಿಲ್ಲಿಸಿದ್ದೇವೆ. ಅಕ್ರಿಲಿಕ್ ಬಣ್ಣ ಪೂರ್ತಿ ಒಣಗಿದಂತೆ ಕಂಡರೂ ಬಣ್ಣಕ್ಕೆ ಬಣ್ಣ ಒತ್ತಿ ಕೂತರೆ ಮೆಲ್ಲಗೆ ಅಂಟಿಕೊಳ್ಳುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಅಲ್ಲಿ ಈಗ ಬರೀ ಕಾಗದ, ಅದರ ಮೇಲೆ ಮೇಣದಬತ್ತಿ ಉಜ್ಜಿದ ನುಣುಪು. ಕ್ರೀಮಿನ ಇಳಿಬಿಟ್ಟ ಅಲಂಕಾರ ಮುಚ್ಚಳದ ಅಂಚಿಗೆ 6 ಮಿ.ಮೀ. ಮೇಲೆಯೇ ನಿಲ್ಲುತ್ತದೆ. ಹೌದು, ಪೆಟ್ಟಿಗೆ ಎಲ್ಲಿ ಬಾಯಿ ಬಿಡುತ್ತದೆ ಎಂಬುದು ಇನ್ನು ಮುಂದೆ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅಚ್ಚ ಕೇಕಿನ ಭ್ರಮೆ ಒಂದು ಕೂದಲೆಳೆ ಕಡಿಮೆಯಾಗಬಹುದು. ಬಿಚ್ಚಿಕೊಳ್ಳದ ಉಡುಗೊರೆಗಿಂತ ಅದು ವಾಸಿ ಎಂಬುದು ನಮ್ಮ ಅಭಿಪ್ರಾಯ.

ಅಂದಹಾಗೆ ನಮ್ಮ ಕಸುಬಿಗೂ ಹಿರಿಯರಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ನಿನಲ್ಲಿ ಸಕ್ಕರೆಯ ಅಭಾವದಿಂದ ಕೇಕಿನ ಮೇಲೆ ಐಸಿಂಗ್ ಹಾಕುವುದನ್ನೇ ನಿಷೇಧಿಸಿದರು. ಆಗ ಮದುವೆಗಳಲ್ಲಿ ರಟ್ಟು, ಪ್ಲಾಸ್ಟರುಗಳಲ್ಲಿ ಮಾಡಿದ ಭಾರೀ ಕೇಕಿನ ಕವಚವನ್ನು ಬಾಡಿಗೆಗೆ ತಂದು, ಒಳಗೆ ಇರುವಷ್ಟು ಪುಟ್ಟ ಕೇಕ್ ಇಟ್ಟು ಮುಚ್ಚುತ್ತಿದ್ದರು. ಫೋಟೋ ಮುಗಿದ ಮೇಲೆ ಮೇಲಕ್ಕೆತ್ತಿದರಾಯಿತು. ಆ ಕವಚ ಅಂಟಿಕೊಂಡು ಕೂತಿದ್ದರೆ ಮದುವೆಮನೆಯ ಗತಿ ಏನಾಗುತ್ತಿತ್ತೋ.

"ಫಿಲ್ಲರ್ ಬಿಟ್ಟು ಸಿಲಿಕೋನ್ ಬಳಸಿ" ಎಂದು ಕೆಲವರು ಸಲಹೆ ಕೊಟ್ಟಿದ್ದೀರಿ. ಸಂದು ಮುಚ್ಚುವ ಸಿಲಿಕೋನ್ ಪೇಸ್ಟಿನಲ್ಲಿ ಮಾಡಿ ನೋಡಿದ್ದೇವೆ. ಹೊಳಪು ಚೆನ್ನಾಗಿದೆ, ಬಿರುಕು ಬಿಡುವುದಿಲ್ಲ. ಆದರೆ ಸಿಲಿಕೋನ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವದಿಂದ, ಅದೂ 24 ಗಂಟೆಗೆ ಸುಮಾರು 2-3 ಮಿ.ಮೀ. ಆಳದವರೆಗೆ. ದಪ್ಪ ಹೂವಿಗೆ ಅಲ್ಲೂ ಕಾಯಲೇಬೇಕು. ಮೇಲಾಗಿ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಸಿಪ್ಪೆಯಂತೆ ಎದ್ದುಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಭಾರ, ದಾರಿಯಲ್ಲೇ ಚೂರಾಗುತ್ತದೆ.

ಥರ್ಮಾಕೋಲ್ ಕೂಡ ಈ ತಿಂಗಳಿಂದ ಇಲ್ಲ. ಅದು ನಮಗೆ ಇಷ್ಟದ ವಸ್ತುವೇ. ಹೆಚ್ಚುಕಡಿಮೆ ಗಾಳಿಯೇ ಆದ್ದರಿಂದ ಹಗುರ, ಕೊರೆಯಲು ಸುಲಭ. ಆದರೆ ಸ್ಪ್ರೇ ವಾರ್ನಿಷಿನಲ್ಲಿರುವ ದ್ರಾವಕ ತಾಗಿದರೆ ಕರಗಿ ಹೋಗುತ್ತದೆ. ಫಿಲ್ಲರ್ ತೆಳುವಾಗಿದ್ದ ಒಂದು ಕಡೆ ವಾರ್ನಿಷ್ ಇಳಿದು, ನೋಡನೋಡುತ್ತಾ ಕೇಕಿನ ನೆತ್ತಿ ಗುಂಡಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇವೆ. ಈಗ ಎಲ್ಲವೂ ರಟ್ಟು. ಮನೆಯಲ್ಲಿ ಮಾಡುವವರು ಗಮನಿಸಿ: ನಡುವೆ ಅಲೆಅಲೆಯಾದ ಪದರವಿರುವ ರಟ್ಟನ್ನು ಸುತ್ತುವಾಗ ಅದರ ಗೆರೆಗಳು ನೆಟ್ಟಗೆ ನಿಲ್ಲುವಂತೆ ಪಟ್ಟಿ ಕತ್ತರಿಸಿ, ಇಲ್ಲವಾದರೆ ದುಂಡಗೆ ಬಾಗದೆ ಮುರಿಯುತ್ತದೆ. ಒಂದೇ ಬದಿಗೆ ಬಣ್ಣ ಬಳಿದರೆ ರಟ್ಟು ಸೊಟ್ಟಗಾಗುತ್ತದೆ, ಒಳಬದಿಗೂ ಒಂದು ಕೈ ಅಂಟು ನೀರು ಬಳಿಯಿರಿ.

ಕೊನೆಯ ಬದಲಾವಣೆ ಕೆಲವರಿಗೆ ಬೇಸರ ತರಬಹುದು. ವೆನಿಲಾ ಪರಿಮಳ ನಿಲ್ಲಿಸಿದ್ದೇವೆ. ಒಂದು ಮನೆಯಲ್ಲಿ ಎರಡು ವರ್ಷದ ಮಗು ಪೆಟ್ಟಿಗೆಯ ಅಂಚಿಗೆ ಬಾಯಿ ಹಾಕಿತ್ತು. ಪುಣ್ಯಕ್ಕೆ ಕಚ್ಚಿದ್ದನ್ನು ಕೂಡಲೇ ಉಗುಳಿತು. ತಾಯಿ ಕಳಿಸಿದ ಫೋಟೋದಲ್ಲಿ ನಾಲ್ಕು ಪುಟ್ಟ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಕೇಕಿನ ರೂಪ, ಕೇಕಿನ ಬಣ್ಣ, ಅದರ ಮೇಲೆ ಕೇಕಿನ ವಾಸನೆ ಬೇರೆ! ಮಗುವಿನ ತಪ್ಪೇನಿದೆ? ತಿನ್ನುವ ಪದಾರ್ಥವೆಂದು ಮಕ್ಕಳು ಮೋಸಹೋಗಿ ಬಾಯಿಗಿಟ್ಟು ಅಪಾಯಕ್ಕೆ ಸಿಲುಕಬಹುದಾದ ವಸ್ತುಗಳನ್ನು ಮಾರಬಾರದೆಂದು ಯುರೋಪಿನ ದೇಶಗಳು 1987ರಲ್ಲೇ ಒಂದು ನಿರ್ದೇಶನ ತಂದಿದ್ದವು. ರೂಪ, ಬಣ್ಣಗಳ ಜೊತೆಗೆ ವಾಸನೆಯನ್ನೂ ಅದರಲ್ಲಿ ಹೆಸರಿಸಿದ್ದಾರೆ. ನಮಗೆ ಅದು ಗೊತ್ತಾದದ್ದು ಹಲ್ಲಿನ ಗುರುತು ನೋಡಿದ ಮೇಲೆ. ಇನ್ನು ಮುಂದೆ ತಳದಲ್ಲಿ "ತಿನ್ನುವುದಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತೇವೆ. ಅಕ್ಷರ ಓದಲು ಬಾರದ ವಯಸ್ಸಿನ ಮಕ್ಕಳಿರುವ ಮನೆಗೆ ಆರ್ಡರ್ ಕೊಡುವಾಗ ದಯವಿಟ್ಟು ತಿಳಿಸಿ, ಮೇಲಿನ ಚೆರ್ರಿಗಳನ್ನು ಬಿಟ್ಟು ಮಾಡಿಕೊಡುತ್ತೇವೆ. ಚಾಕೊಲೇಟ್, ಬಿಸ್ಕತ್ತು ತುಂಬಿಸಿ ಕೊಡುವವರು ಪೊಟ್ಟಣ ಬಿಚ್ಚದೆ ಇಡಿ. ಒಳಗಿನ ಕಾಗದ, ಅಂಟು ಯಾವುದೂ ತಿಂಡಿಗೆ ತಾಗಲು ಯೋಗ್ಯವಾದದ್ದಲ್ಲ.

ನಮ್ಮ ಹಳೆಯ ಪೆಟ್ಟಿಗೆ ನಿಮ್ಮಲ್ಲಿದ್ದು ಮುಚ್ಚಳ ಬಿಗಿಯಾಗಿದ್ದರೆ ಎಳೆಯಬೇಡಿ, ಬಿಸಿನೀರು ತಾಗಿಸಬೇಡಿ. ಗಟ್ಟಿಯಾದ ಹೊಲಿಗೆ ದಾರವನ್ನು ಸಂದಿಗೆ ಸುತ್ತಿ, ಎರಡೂ ತುದಿ ಹಿಡಿದು ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾ ಸುತ್ತಲೂ ಬನ್ನಿ. ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ಮೇಲೆ ಅಂಚಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿ.

ಅದೂ ಆಗದಿದ್ದರೆ ಹೊಸ ಮುಚ್ಚಳವನ್ನು ಖರ್ಚಿಲ್ಲದೆ ಕಳಿಸಿಕೊಡುತ್ತೇವೆ. ಅಳತೆಗೆ ಟೇಪು ಬೇಡ. ಪೆಟ್ಟಿಗೆಯ ಸುತ್ತ ಒಂದು ದಾರ ಸುತ್ತಿ, ತುದಿ ಸೇರುವಲ್ಲಿ ಗಂಟು ಹಾಕಿ, ಆ ದಾರವನ್ನೇ ಲಕೋಟೆಯಲ್ಲಿಟ್ಟು ಕಳಿಸಿ. ಉಳಿದ ಲೆಕ್ಕ ನಮ್ಮದು. ಈ ಸಲ ಸರಿಯಾಗಿ ಮಾಡುತ್ತೇವೆ.

ಇಂತಿ ನಿಮ್ಮ,
ಕೇಕ್ ಪೆಟ್ಟಿಗೆ ಮಾಡುವ ಆರು ಮಂದಿ