ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಮೆಟಲ್ ಡಿಟೆಕ್ಟರ್ ವಾಪಸ್ ತಗೊಳ್ಳಿ, ನಿಧಿ ಅಂತ ಹಾಕಿರೋ ಜಾಹೀರಾತೂ ತೆಗೀರಿ

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸಾರ್. ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಕಡೆಯೋನು. ನಿಮ್ಮ ವೆಬ್‌ಸೈಟಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ್ದೆ, ಬಿಲ್ಲು, ಬಾಕ್ಸ್ ಬಿಚ್ಚಿದ ವಿಡಿಯೋ ಎರಡೂ ಇದರ ಜೊತೆ ಹಾಕಿದೀನಿ. ಪೇಜಲ್ಲಿ 'ಆಟೋ ಮತ್ತು ಮ್ಯಾನ್ಯುವಲ್ ಗ್ರೌಂಡ್ ಬ್ಯಾಲೆನ್ಸ್' ಅಂತ ದಪ್ಪಕ್ಷರದಲ್ಲಿ ಬರ್ದಿದೀರ, ಬಂದಿರೋ ಮಷಿನಲ್ಲಿ ಎರಡೂ ಇಲ್ಲ. ಬಟನ್ ಇಲ್ಲ, ಮೆನುನಲ್ಲಿಲ್ಲ, ಒಳಗಿಟ್ಟಿರೋ ಪುಸ್ತಕದಲ್ಲೂ ಅದರ ಸುದ್ದಿನೇ ಇಲ್ಲ.

ನಿಮ್ಮ ಕಸ್ಟಮರ್ ಕೇರ್ ಹುಡುಗ 'ಅದೊಂದು ಫೀಚರ್ ಇಲ್ದಿದ್ರೆ ಏನಾಗುತ್ತೆ ಸಾರ್, ಮಷಿನ್ ಆನ್ ಆಗ್ತಿದೆಯಲ್ಲ' ಅಂದ್ರು. ಏನಾಗುತ್ತೆ ಅಂತ ಹೇಳ್ತೀನಿ. ನಮ್ದು ಕಬ್ಬಿಣದ ಅದಿರು ತೆಗೆಯೋ ಜಿಲ್ಲೆ, ಕೆಂಪು ಮಣ್ಣಲ್ಲೂ ಕಬ್ಬಿಣದ ಅಂಶ ಇರುತ್ತೆ. ಈ ತರದ ವಿಎಲ್ಎಫ್ (ತುಂಬಾ ಕಮ್ಮಿ ಫ್ರೀಕ್ವೆನ್ಸಿಲಿ ಓಡೋ) ಮಷಿನ್ ಮಣ್ಣೊಳಗೆ ಕಾಂತಕ್ಷೇತ್ರ ಬಿಟ್ಟು ವಾಪಸ್ ಬರೋ ಸಿಗ್ನಲ್ ಓದುತ್ತೆ, ಅದಿರಿರೋ ಮಣ್ಣು ತಾನೇ ಸಿಗ್ನಲ್ ಕೊಡೋಕೆ ಶುರು ಮಾಡಿದ್ರೆ ಉಂಗುರ ಯಾವುದು ನೆಲ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಏನೂ ಇಲ್ಲದ ಜಾಗದಲ್ಲಿ ಕಾಯಿಲನ್ನ, ಅಂದ್ರೆ ಮಷಿನ್ ತುದೀಲಿರೋ ತಟ್ಟೇನ, ಮೇಲೆ ಕೆಳಗೆ ಆಡಿಸಿ ನೆಲದ ಸದ್ದು ನಿಲ್ಲೋವರೆಗೂ ಸೆಟ್ ಮಾಡ್ಕೋಬೇಕು, ಗ್ರೌಂಡ್ ಬ್ಯಾಲೆನ್ಸ್ ಅಂದ್ರೆ ಇದೇ. ನಮ್ಮ ಕಡೆ ಅದಿಲ್ದೆ ಈ ಮಷಿನ್ ಬರೀ ಕಿರುಚುತ್ತೆ ಸಾರ್.

ಹೋದ ಶೇಂಗಾ ಸುಗ್ಗೀಲಿ ನಮ್ಮ ಪಕ್ಕದ ಹೊಲಕ್ಕೆ ಗಿಡ ಕೀಳೋಕೆ ಬಂದಿದ್ದ ಅಮ್ಮ ಒಬ್ರು ಕಿವಿ ಓಲೆ ಕಳ್ಕೊಂಡ್ರು. ಒಂದೇ ಓಲೆ, ಆದ್ರೆ ಅವ್ರ ಎಷ್ಟೋ ದಿನದ ಕೂಲಿ ಅದು. ಹೊಲದೋರೇ ನನ್ನ ಕರೆಸಿದ್ರು. ನಿಮ್ಮ ಮಷಿನ್ ಹಿಡ್ದು ಸಾಲು ಸಾಲು ನಡೆದೆ, ಸೆನ್ಸಿಟಿವಿಟಿ ಜಾಸ್ತಿ ಇಟ್ರೆ ಪ್ರತಿ ಬೀಸಿಗೂ ಕುಯ್ ಕುಯ್, ಕಮ್ಮಿ ಮಾಡಿದ್ರೆ ನಾನೇ ಮಣ್ಣ ಮೇಲಿಟ್ಟ ಉಂಗುರಕ್ಕೂ ಸದ್ದಿಲ್ಲ, ಆ ಅಮ್ಮ ಪ್ರತಿ ಸದ್ದಿಗೂ ಓಡಿಬಂದು ಕೈಯಲ್ಲೇ ಮಣ್ಣು ಕೆದಕೋರು, ಏನೂ ಸಿಗ್ತಿರ್ಲಿಲ್ಲ. ಕೊನೆಗೆ ದಾವಣಗೆರೆಯಿಂದ ನಮ್ಮ ಗೆಳೆಯರೊಬ್ರು ಅವ್ರ ಹಳೇ ಮಷಿನ್ ತಂದು ಗ್ರೌಂಡ್ ಬ್ಯಾಲೆನ್ಸ್ ಮಾಡಿ ಅದೇ ಸಾಲಲ್ಲಿ ಹೋದ್ರು, ಮಷಿನ್ ಸುಮ್ಮನಿತ್ತು, ಒಂದು ಕಡೆ ಮಾತ್ರ ನೀಟಾಗಿ ಸದ್ದು ಮಾಡ್ತು, ಹೆಂಟೆ ಒಡೆದು ನೋಡಿದ್ರೆ ಓಲೆ ಬೇರಿಗೆ ಸಿಕ್ಕಿಕೊಂಡಿತ್ತು. ಎರಡೂ ಮಷಿನ್ ಒಂದೇ ನೆಲದ ಮೇಲೆ ಓಡಿಸಿರೋ ವಿಡಿಯೋನೂ ಕಳಿಸಿದೀನಿ. ಅದನ್ನ ನೋಡಿನೂ 'ನೀವು ಸರಿಯಾಗಿ ಬಳಸ್ತಿಲ್ಲ, ಬಾಕ್ಸ್ ಓಪನ್ ಆದ್ಮೇಲೆ ರಿಟರ್ನ್ ಇಲ್ಲ' ಅಂತ ಮೇಲ್ ಕಳಿಸಿದೀರ. ಬಾಕ್ಸ್ ತೆಗೀದೆ ಒಳಗೇನಿಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಸಂಕಟ. ನಿಮ್ಮ ಜಾಹೀರಾತಲ್ಲಿ ನಮ್ಮ ಚಿತ್ರದುರ್ಗದ ಕೋಟೆ ಫೋಟೋ ಹಾಕಿ ಕೆಳಗೆ '10 ಅಡಿ ಆಳದ ನಿಧಿ, ಚಿನ್ನ ಪತ್ತೆ' ಅಂತ ಬರ್ದಿದೀರ. ಇಂಥ ಮಷಿನ್ ನಾಣ್ಯದಷ್ಟು ಸಣ್ಣ ಸಾಮಾನನ್ನ ಒಳ್ಳೇ ಮಣ್ಣಲ್ಲೇ ಅರ್ಧ ಮುಕ್ಕಾಲು ಅಡಿಯಲ್ಲಿ ಹಿಡಿದ್ರೆ ಹೆಚ್ಚು. ಚಿನ್ನ ಅಂತ ಬಿಡಿಸಿ ಹೇಳೋಕೂ ಅದಕ್ಕೆ ಬರಲ್ಲ, ತೆಳು ಉಂಗುರಕ್ಕೂ ಮಾತ್ರೆ ಸ್ಟ್ರಿಪ್ಪಿನ ಅಲ್ಯೂಮಿನಿಯಂ ಹಾಳೆಗೂ ಸ್ಕ್ರೀನಲ್ಲಿ ಹೆಚ್ಚು ಕಮ್ಮಿ ಒಂದೇ ನಂಬರ್ ತೋರಿಸುತ್ತೆ. ಇದು ನಮಗೆ ಗೊತ್ತು, ಆದ್ರೆ ನಿಧಿ ಆಸೆಗೆ ಸಾಲ ಮಾಡಿ ತಗೊಳ್ಳೋ ಜನ ನಮ್ಮ ಕಡೆ ಇದಾರೆ, ಅವ್ರಿಗೆ ಗೊತ್ತಿಲ್ಲ.

ಆ ಕೋಟೆ ಎಎಸ್‌ಐ, ಅಂದ್ರೆ ಕೇಂದ್ರದ ಪುರಾತತ್ವ ಇಲಾಖೆ ರಕ್ಷಣೆಲಿದೆ ಸಾರ್, ಅಲ್ಲಿ ಗುದ್ದಲಿ ಇಟ್ರೆ ಅಪರಾಧ. ನಿಧಿ ಸಿಕ್ರೆ ಸರ್ಕಾರಕ್ಕೆ ತಿಳಿಸ್ಬೇಕು ಅಂತ 1878ರಲ್ಲೇ ಕಾಯ್ದೆ ಬಂದಿತ್ತು. ಕೋಟೆ ಹತ್ರದ ಚಂದ್ರವಳ್ಳೀಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವ್ರು ಅಗೆಸಿದ್ರು, ಆಮೇಲೆ 1947ರಲ್ಲಿ ಎಎಸ್‌ಐ ಮುಖ್ಯಸ್ಥರಾಗಿದ್ದ ವೀಲರ್ ಅಲ್ಲೂ ಮೊಳಕಾಲ್ಮೂರಿನ ಬ್ರಹ್ಮಗಿರೀಲೂ ಅಗೆಸಿದ್ರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕಿದ್ದು ಹಂಗೆ. ಯಾವ ಪದರದಲ್ಲಿ ಏನ್ ಸಿಕ್ತು ಅಂತ ಬರ್ದಿಟ್ಟಿದ್ದಕ್ಕೇ ಆ ಜಾಗದ ಕಾಲ ಗೊತ್ತಾಗಿದ್ದು, ಯಾರೋ ರಾತ್ರಿ ಬಂದು ಗುಂಡಿ ತೋಡಿ ಕಿತ್ಕೊಂಡು ಹೋದ್ರೆ ಆ ಲೆಕ್ಕ ಮತ್ತೆ ಸಿಗಲ್ಲ. ನಾವು ಈ ಹವ್ಯಾಸ ಇರೋ ಕೆಲವರು ಹೊಲದ ಮಾಲೀಕರನ್ನ ಕೇಳಿನೇ ಕಾಲಿಡ್ತೀವಿ, ಗುಡಿ, ಕೋಟೆ, ಹಳೇ ಊರು ಬಿದ್ದಿರೋ ಜಾಗಕ್ಕೆ ಮಷಿನ್ ಒಯ್ಯಲ್ಲ, ತೋಡಿದ ಗುಂಡಿ ಮುಚ್ಚಿ ಬರ್ತೀವಿ, ಮೊಳೆ, ನೇಗಿಲ ಚೂರು ಸಿಕ್ರೆ ರೈತರ ಕೈಗೇ ಕೊಡ್ತೀವಿ. ನಿಮ್ಮ ಜಾಹೀರಾತಿಂದ ಮಷಿನ್ ಹಿಡಿದೋರೆಲ್ಲ ನಿಧಿಗಳ್ಳರು ಅಂತ ಜನ ನೋಡ್ತಾರೆ, ಹೊಲದಲ್ಲಿ ನಿಂತಿದ್ರೆ ಬೈಕ್ ನಿಲ್ಲಿಸಿ ವಿಚಾರಿಸ್ತಾರೆ.

ಮಷಿನ್ ವಾಪಸ್ ತಗೊಂಡು ಕೊರಿಯರ್ ಚಾರ್ಜ್ ಸೇರಿ ಪೂರ್ತಿ ದುಡ್ಡು ಕೊಡಿ, ಬದಲಿ ಮಷಿನ್ ಬೇಡ. ಆ ಫೋಟೋ, ಆ 10 ಅಡಿ ಮಾತು ಪೇಜಿಂದ ತೆಗೀರಿ. 2020ರ ಇ-ಕಾಮರ್ಸ್ ನಿಯಮದಲ್ಲಿ ಜಾಹೀರಾತಲ್ಲಿ ಹೇಳಿದ ಹಂಗಿಲ್ಲದ ಸಾಮಾನು ವಾಪಸ್ ತಗೊಳ್ಳಲ್ಲ ಅನ್ನೋ ಹಂಗಿಲ್ಲ, ದೂರು ಬಂದ 48 ಗಂಟೇಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಆಗ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗ್ತೀನಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಜಿಲ್ಲೇಲೇ ಕೇಸ್ ಹಾಕ್ಬಹುದು.

ಮಷಿನ್, ಕಾಯಿಲ್, ಚಾರ್ಜರ್ ಎಲ್ಲಾ ಬಾಕ್ಸಲ್ಲೇ ಇಟ್ಟಿದೀನಿ, ಪಿಕಪ್‌ಗೆ ಕಳಿಸೋ ಹಿಂದಿನ ದಿನ ಫೋನ್ ಮಾಡಿ.

ಇಂತಿ,
ನಿಮ್ಮ ಗ್ರಾಹಕ,
ಚಳ್ಳಕೆರೆ ತಾಲೂಕು