ಮಳೆಗಾಲಕ್ಕೊಂದು ಅಂಕಣ

ಶಿವಮೊಗ್ಗಕ್ಕೆ ಮರಳುತ್ತಿರುವ ಕುಟುಂಬವನ್ನು ಬೀಳ್ಕೊಡಲು ಎಲ್ಲರೂ ಸೇರಿದ್ದ ಊಟದಲ್ಲಿ ಅವರ ಹತ್ತು ವರ್ಷದ ಮಗ ಕೇಳಿದ: "ಜೂನ್ ಬಂದ್ರೆ ಅಲ್ಲಿ ಮಳೆ ಬಿಡೋದೇ ಇಲ್ವಂತೆ, ನಾನು ಬಾಸ್ಕೆಟ್‌ಬಾಲ್ ಎಲ್ಲಿ ಆಡ್ಲಿ?" ದೊಡ್ಡವರೆಲ್ಲ ಕಳಲೆ, ಪತ್ರೊಡೆಯ ಮಾತಿನಲ್ಲಿದ್ದರು. ಹುಡುಗನಿಗೆ ಉತ್ತರ ಸಿಗಲಿಲ್ಲ. ನಮ್ಮ ಸಂಘದ ಪತ್ರದ ಈ ಸಂಚಿಕೆ ಇವತ್ತು ರಾತ್ರಿಯೇ ಮುಗಿಯಬೇಕು. ಆದರೂ ಅವನ ಪ್ರಶ್ನೆ ಬಿಟ್ಟು ಬೇರೆ ವಿಷಯ ಬರೆಯಲು ಮನಸ್ಸು ಬರುತ್ತಿಲ್ಲ.

ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರುವಂತೆ ನೆಮುನಸ್, ನೆರಿಸ್ ನದಿಗಳು ಸೇರುವ ಊರು ಲಿಥುವೇನಿಯಾದ ಕೌನಸ್. ಯುರೋಪಿನ ಹೆಸರಾಂತ ಬಾಸ್ಕೆಟ್‌ಬಾಲ್ ಕ್ಲಬ್ ಝಲ್ಗಿರಿಸ್ ಅಲ್ಲಿಯದು. ಅದರ ಕಥೆ ಶುರುವಾಗುವುದೂ ಮಳೆಯಿಂದಲೇ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಆಡಿಸಿದ್ದು ಬಯಲಿನ ಮಣ್ಣಿನ ಅಂಕಣದಲ್ಲಿ. ಫೈನಲ್ ದಿನ ಮಳೆ ಹೊಯ್ದು ನೆಲವೆಲ್ಲ ಕೆಸರುಗದ್ದೆ. ಚೆಂಡು ಪುಟಿಯಲೇ ಇಲ್ಲ. ಅಮೆರಿಕ 19, ಕೆನಡಾ 8. ಚಿನ್ನ ಗೆದ್ದ ಆ ಅಮೆರಿಕ ತಂಡದ ಫ್ರಾಂಕ್ ಲುಬಿನ್, ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ, ಲಿಥುವೇನಿಯಾದಿಂದ ವಲಸೆ ಹೋದವರ ಮಗ. ಒಲಿಂಪಿಕ್ಸ್ ಮುಗಿಸಿ ಅಪ್ಪ ಅಮ್ಮನ ನಾಡಿಗೆ ಹೋದ, ಅಲ್ಲಿಯ ಹುಡುಗರಿಗೆ ಆಟ ಹೇಳಿಕೊಟ್ಟ. ಅಮೆರಿಕದಿಂದ ಬಂದ ಇನ್ನೊಬ್ಬ, ಫೆಲಿಕ್ಸಸ್ ಕ್ರಿಯಾವುಚ್ಯೂನಸ್, ತಾನೂ ಆಡುತ್ತ ತಂಡವನ್ನೂ ತಿದ್ದಿದ. 1937ರಲ್ಲಿ ರಿಗಾದಲ್ಲಿ ಇಟಲಿಯನ್ನು 24–23ರಿಂದ ಮಣಿಸಿ ಲಿಥುವೇನಿಯಾ ಯುರೋಪಿನ ಚಾಂಪಿಯನ್ ಆಯಿತು.

ಗೆದ್ದ ದೇಶಕ್ಕೆ 1939ರ ಪಂದ್ಯಾವಳಿ ನಡೆಸುವ ಹೊಣೆ ಬಂತು. ಅದಕ್ಕೆಂದೇ ಕೌನಸ್‌ನಲ್ಲಿ ಒಳಾಂಗಣ ಕ್ರೀಡಾಂಗಣ ಕಟ್ಟಿದರು. ಲಾಟ್ವಿಯಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಲುಬಿನ್ ಹಾಕಿದ ಬುಟ್ಟಿಯಿಂದ ಲಿಥುವೇನಿಯಾಕ್ಕೆ 37–36ರ ಗೆಲುವು. ಹೊರಗೆ ಕಲಿತವರು ಮೊದಲು ಮರಳಿದರು, ಆಮೇಲೆ ತಲೆಯ ಮೇಲೊಂದು ಮಾಡು ಬಂತು, ಕ್ಲಬ್ ಹುಟ್ಟಿದ್ದು ಅದಾದ ಐದು ವರ್ಷಕ್ಕೆ, 1944ರಲ್ಲಿ. ಅಷ್ಟರಲ್ಲಿ ದೇಶ ಸೋವಿಯತ್ ಹಿಡಿತಕ್ಕೆ ಸೇರಿತ್ತು. ಪೂರ್ವಜರು 1410ರಲ್ಲಿ ಗೆದ್ದ ಯುದ್ಧದ ಹೆಸರನ್ನು ತಂಡಕ್ಕೆ ಇಟ್ಟುಕೊಂಡರು.

1947, 1951ರಲ್ಲಿ ಸೋವಿಯತ್ ಚಾಂಪಿಯನ್ ಪಟ್ಟ ಸಿಕ್ಕಿತು. ಆಮೇಲೆ 34 ವರ್ಷ ಬರಗಾಲ. 1985, 86, 87ರಲ್ಲಿ ಸಾಲಾಗಿ ಮೂರು ಸಲ ಮಾಸ್ಕೋದ ಸೇನಾ ಕ್ಲಬ್ಬನ್ನು ಸೋಲಿಸಿ ಗೆದ್ದರು. ಎಲ್ಲರೂ 2.21 ಮೀಟರ್ ಎತ್ತರದ ಅರ್ವೀದಸ್ ಸಬೋನಿಸ್ ಹೆಸರು ಹೇಳುತ್ತಾರೆ. ನಮಗೆ ಅವನ ಎತ್ತರಕ್ಕಿಂತ ಅವನ ಪಾಸ್ ದೊಡ್ಡದು. ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ಅಂಕದ ಗೆರೆ (ಅದರಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ) ಬಂದದ್ದು 1984ರಲ್ಲಿ. ಸಬೋನಿಸ್‌ನನ್ನು ತಡೆಯಲು ಇಬ್ಬರು ಮುತ್ತಿದರೆ ಚೆಂಡು ಆ ಗೆರೆಯ ಹೊರಗಿದ್ದ ಜೊತೆ ಆಟಗಾರರಾದ ಕುರ್ತಿನೈಟಿಸ್‌ಗೋ ಯೊವೈಶಾಗೋ ಹೋಗುತ್ತಿತ್ತು. ಒಬ್ಬನೇ ನಿಂತರೆ ಅವನೇ ಹಾಕುತ್ತಿದ್ದ. 1986ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಹೊಡೆದಾಟಕ್ಕಾಗಿ ಅವನನ್ನು ಹೊರಗೆ ಕಳಿಸಿದರು, ಕಪ್ ಝಾಗ್ರೆಬ್‌ನ ಸಿಬೋನಾ ಪಾಲಾಯಿತು. ಆ ಕಪ್ ಕೌನಸ್‌ಗೆ ಬಂದದ್ದು 1999ರಲ್ಲಿ, ಮ್ಯೂನಿಕ್‌ನಲ್ಲಿ ಬೊಲೊನ್ಯಾ ತಂಡವನ್ನು 82–74ರಿಂದ ಗೆದ್ದಾಗ.

ಈಗ ಹುಡುಗನ ಪ್ರಶ್ನೆಗೆ. ಆಗುಂಬೆ, ಹೊಸನಗರದ ಕಡೆ ಬಯಲಿನ ಅಂಕಣ ನಾಲ್ಕು ತಿಂಗಳು ಪಾಚಿಯದೇ ಸ್ವತ್ತು. ಅಡಿಕೆ ಅಂಗಳದಲ್ಲಿ ಆಡೋಣವೆಂದರೆ ಮಳೆ ನಿಂತ ಮೇಲೆ ಅಲ್ಲಿ ಅಡಿಕೆ ಹರಡಿರುತ್ತದೆ. ತಲೆಯ ಮೇಲೊಂದು ಮಾಡು ಬೇಕೇ ಬೇಕು. ಪೂರ್ತಿ ಅಂಕಣ 28 × 15 ಮೀಟರ್, ಸುತ್ತ 2 ಮೀಟರ್ ಖಾಲಿ ಜಾಗ, 7 ಮೀಟರ್ ಎತ್ತರದವರೆಗೆ ಅಡ್ಡಿ ಇರಬಾರದು. ಅಷ್ಟು ಹಣ ಒಂದೇ ಸಲಕ್ಕೆ ಕೂಡುವುದಿಲ್ಲ. ಒಂದು ಕಡೆಗೆ ಮೂವರು ಆಡುವ ಆಟಕ್ಕೆ 15 × 11 ಮೀಟರ್, ಒಂದೇ ಬುಟ್ಟಿ ಸಾಕು. ಟೋಕಿಯೊದಿಂದ ಅದೂ ಒಲಿಂಪಿಕ್ಸ್ ಆಟವೇ. ಅಲ್ಲಿಂದ ಶುರು ಮಾಡಿ.

ನೆಲವನ್ನು ಸುತ್ತಲಿನ ಮಣ್ಣಿಗಿಂತ ಒಂದಡಿಯಾದರೂ ಎತ್ತರಿಸದಿದ್ದರೆ ಥಂಡಿ ಏರುತ್ತದೆ. ಸಿಮೆಂಟನ್ನು ಕನ್ನಡಿಯಂತೆ ನುಣುಪು ಮಾಡಿಸಬೇಡಿ. ಹಸಿಯಿರುವಾಗಲೇ ಪೊರಕೆ ಎಳೆಸಿ, ಕಾಲು ಜಾರುವುದಿಲ್ಲ. ಎರಚಲು ಬರುವುದು ಪಡುವಣ ದಿಕ್ಕಿನಿಂದ: ಆ ಕಡೆ ಸೂರು 2 ಮೀಟರ್ ಮುಂದೆ ಬರಲಿ, ಜೂನ್‌ಗೆ ಮೊದಲೇ ಸೋಗೆ ತಟ್ಟಿ ಕಟ್ಟಿ. ರಿಂಗ್ ಕೂರಿಸುವ ಪ್ಲೈವುಡ್ ಹಲಗೆಗೆ ನೀರು ಹೋಗುವುದು ಕೊಯ್ದ ಅಂಚಿನಿಂದ. ಅಂಚಿಗೆ ಎರಡು ಕೋಟು ಬಣ್ಣ ಬಳಿಯದಿದ್ದರೆ ಹಲಗೆ ಉಬ್ಬಿ, ಬೋಲ್ಟ್ ಸಡಿಲಾಗಿ, ರಿಂಗ್ ಜೋಲುತ್ತದೆ. ಆಮೇಲೆ ರಿಂಗ್‌ನ ಎತ್ತರ 3.05 ಮೀಟರ್ ಎಂಬ ಅಳತೆ ಕಾಗದದಲ್ಲಷ್ಟೇ. ಹನ್ನೆರಡರೊಳಗಿನ ಮಕ್ಕಳಿಗೆ ಮಾತ್ರ 2.60 ಮೀಟರ್, 5ನೇ ಅಳತೆಯ ಚೆಂಡು. ಎತ್ತರದ ರಿಂಗ್‌ಗೆ ಎಳೆಯ ಕೈ ಸೊಂಟದಿಂದ ಎತ್ತಿ ಎಸೆಯಲು ಕಲಿಯುತ್ತದೆ. ಆ ರೂಢಿ ಬಿಡಿಸುವುದು ಬಹಳ ಕಷ್ಟ.

ಜಾಗ ಮುಗಿಯಿತು, ಸೂಚನೆಗಳು ಅವಸರದಲ್ಲಿ: ಕನ್ನಡ ತರಗತಿ ಇನ್ನು ಶನಿವಾರ ಬೆಳಿಗ್ಗೆ 10ಕ್ಕೆ. ವನಭೋಜನ ಜೂನ್ ಎರಡನೇ ಭಾನುವಾರ, ತಟ್ಟೆ ಲೋಟ ನೀವೇ ತನ್ನಿ. ಚಿತ್ರಾನ್ನಕ್ಕೆ ಮೂರು ಮನೆಯವರು ಒಪ್ಪಿದ್ದಾರೆ, ಮೊಸರನ್ನಕ್ಕೆ ಯಾರೂ ಇಲ್ಲ. ಸದಸ್ಯತ್ವ ಶುಲ್ಕ ತಿಂಗಳ ಕೊನೆಯೊಳಗೆ. ಈ ಪತ್ರವನ್ನು ಈಗ ಇಬ್ಬರೇ ತರುತ್ತಿದ್ದೇವೆ, ಕರಡು ತಿದ್ದಲು ಒಬ್ಬರು ಬೇಕು. ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು, ದಯವಿಟ್ಟು ಬನ್ನಿ.

ಶಿವಮೊಗ್ಗಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಜಾಗವಿದೆಯಂತೆ. ಗಾಳಿ ಇಳಿಸಿದ 5ನೇ ಅಳತೆಯ ರಬ್ಬರ್ ಚೆಂಡು, ನೈಲಾನ್ ಬಲೆ, ಪಂಪು, ಸೂಜಿ ಇದ್ದವರು ಗುರುವಾರದೊಳಗೆ ತಲುಪಿಸಿ. ಸೂಜಿ ನಾಲ್ಕೈದು ಇರಲಿ, ಮೊದಲು ಮುರಿಯುವುದು ಅದೇ.