ಚಾರ್ಜರ್ ಜೊತೆ ಕಳಿಸಿದ ಕಾಗದ

ತುಮಕೂರು
ಬುಧವಾರ ರಾತ್ರಿ

ಪುಟ್ಟಿ,

ನಿನ್ನ ಲ್ಯಾಪ್‌ಟಾಪ್ ಚಾರ್ಜರ್ ಇಲ್ಲೇ ಬಿಟ್ಟು ಹೋಗಿದ್ದೀಯ. ಹೊಲಿಗೆ ಮೆಷಿನ್ ಪಕ್ಕದ ಪ್ಲಗ್ಗಿನಲ್ಲಿತ್ತು. ಎದುರು ಮನೆ ಹುಡುಗ ನಾಳೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಾಪ್‌ನಲ್ಲಿ ಎರಡು ನೀಲಿ ಗೀಟು ಬರುತ್ತವೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂದುಗಡೆ ಯಾರದೋ ತೋಳಿನ ಅಳತೆ ಇದೆ, ಅದನ್ನು ನೋಡಬೇಡ.

ಭಾನುವಾರ ಊಟದ ಹೊತ್ತಿಗೆ ಆದದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದು ಬೇಡ. ನಿಮ್ಮ ಚಿಕ್ಕಪ್ಪನ ಮುಂದೆ ನಾನು ಆ ಮಾತು ಆಡಬಾರದಿತ್ತು. ಅಷ್ಟು ಒಪ್ಪಿಕೊಳ್ಳುತ್ತೇನೆ. ಆದರೆ ಕೆಲಸ ಬಿಟ್ಟದ್ದಕ್ಕೆ ಅಮ್ಮನಿಗೆ ಸಿಟ್ಟು ಅಂದುಕೊಂಡಿದ್ದೀಯಲ್ಲ, ಅದು ತಪ್ಪು. ಸಿಟ್ಟು ಬಂದದ್ದು ಆ 7,200 ರೂಪಾಯಿಗೆ. 18 ಲೇಖನ, ಒಂದೊಂದು ಸಾವಿರ ಪದ, ಪದಕ್ಕೆ 40 ಪೈಸೆ. ಬರೆದು ಕೊಟ್ಟು ಎರಡು ತಿಂಗಳಾಯಿತು. "ಕೇಳಿದೆಯೇನೇ?" ಅಂದರೆ "ಹೇಗಮ್ಮ ಕೇಳೋದು, ಕೊಡ್ತಾರೆ ಬಿಡು" ಅಂದೆ. ತಲೆ ತಗ್ಗಿಸಿಕೊಂಡು ಮುದ್ದೆ ಮುರಿಯುತ್ತಿದ್ದೆ. ಹಾಗೆ ತಗ್ಗಿದ ತಲೆಯನ್ನು ನಾನು ಮುಂಚೆ ಒಂದು ಸಲ ನೋಡಿದ್ದೆ.

ನೀನು ಆಗ ಆರನೇ ಕ್ಲಾಸು. ಆ ದೊಡ್ಡ ಮನೆಯ ಮದುವೆ. ನಾಲ್ಕು ದಿನಕ್ಕೆ 11 ಬ್ಲೌಸು. ಮೋಟರ್ ಇರಲಿಲ್ಲ, ಕಾಲಲ್ಲೇ ತುಳಿಯುತ್ತಿದ್ದೆ. ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿಕೊಂಡು ಹುಕ್ ಹಾಕಿದ್ದೇನೆ. ಬ್ಲೌಸಿಗೆ 120ರಂತೆ 1,320 ರೂಪಾಯಿ. ಮದುವೆ ಮುಗಿಯಲಿ ಅಂದರು, ಮುಗಿಯಿತು. ಬೀಗರ ಊಟ ಆಗಲಿ ಅಂದರು, ಅದೂ ಆಯಿತು. ಒಂದು ಭಾನುವಾರ ನಿನ್ನನ್ನು ಕಳಿಸಿದೆ. ಹಸಿರು ಫ್ರಾಕು ಹಾಕಿದ್ದೆ ನೀನು. ಅದರ ಅಂಚಿಗೆ ಆ ಮದುವೆ ಬ್ಲೌಸುಗಳಲ್ಲೇ ಉಳಿದ ಚೂರು ಸೇರಿಸಿ ಹೊಲಿದಿದ್ದೆ ನಾನು. ಅವರ ಬಟ್ಟೆಯ ಚೂರು ಹಾಕಿಸಿ ಅವರ ಬಾಗಿಲಿಗೇ ಮಗುವನ್ನು ಕಳಿಸಿದೆನಲ್ಲ, ನನಗೆ ಆವತ್ತು ಅದು ಹೊಳೆಯಲೇ ಇಲ್ಲ.

ಒಂದೂವರೆ ಗಂಟೆ ಬಿಟ್ಟು ಬಂದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಎರಡು ಲಾಡು, ಒಂದಿಷ್ಟು ಖಾರಾಬೂಂದಿ. ದುಡ್ಡಿಲ್ಲ. ನಾನು ಏನಂದೆ ಅಂತ ನಿನಗೆ ನೆನಪಿದೆಯೋ ಏನೋ. "ಬಾಯಿಲ್ವಾ ನಿನಗೆ? ದುಡ್ಡು ಇಸ್ಕೊಂಡು ಬಾ ಅಂದ್ರೆ ತಿಂಡಿ ಇಸ್ಕೊಂಡು ಬಂದಿದ್ದೀಯ" ಅಂದು ಕವರನ್ನು ಮೆಷಿನ್ ಕೆಳಗೆ ಎಸೆದೆ. ನೀನು ಅಳಲಿಲ್ಲ. ಬೂಂದಿ ಆರಿಸಿ ಆರಿಸಿ ಮತ್ತೆ ಕವರಿಗೆ ಹಾಕಿದೆ. ನಿನ್ನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು ಅಂತ ವಾರ ಬಿಟ್ಟು ಬೇರೆಯವರ ಬಾಯಲ್ಲಿ ಗೊತ್ತಾಯಿತು.

ಇರಲಿ. ನಾನು ಬರೆಯಬೇಕು ಅಂದುಕೊಂಡದ್ದು ಬೇರೆ.

ನಿನ್ನ ಕೆಲಸ ನನಗೆ ಅರ್ಥವಾಗುವುದಿಲ್ಲ ಅಂದೆ. ಸ್ವಲ್ಪ ಅರ್ಥವಾಗುತ್ತೆ ಕಣೆ. ನಾನೂ 26 ವರ್ಷದಿಂದ ಪೀಸ್ ಲೆಕ್ಕದಲ್ಲೇ ದುಡಿಯುತ್ತಿರುವವಳು. ಹೊಸ ಗಿರಾಕಿ ಬಂದರೆ ಮೊದಲು ಒಂದೇ ಬ್ಲೌಸು ಕೊಡುತ್ತಾಳೆ, ಕೈ ಹೇಗಿದೆ ಅಂತ ನೋಡುವುದಕ್ಕೆ. ಆದರೆ ಆ ಒಂದಕ್ಕೂ ಕೂಲಿ ಕೊಡುತ್ತಾಳೆ. ನಿನ್ನವರು ಸ್ಯಾಂಪಲ್ ಅಂತ ಮೂರು ಲೇಖನ ಪುಕ್ಕಟೆ ಬರೆಸಿಕೊಂಡರಲ್ಲ, ಅದು ಯಾವ ನ್ಯಾಯ? ನಿನ್ನದೇ ಹಳೆಯ ಬರಹ ಎರಡು ಇಟ್ಟುಕೊಂಡಿರು, ಅದನ್ನು ತೋರಿಸು. ಹೊಸದಾಗಿಯೇ ಬೇಕು ಅಂದರೆ ಅದಕ್ಕೂ ರೇಟು ಹೇಳು.

ಇನ್ನು ತಿದ್ದುವುದು. ಹೊಲಿದದ್ದು ಬಿಗಿಯಾದರೆ ಒಂದು ಸಲ ನಾನು ಸುಮ್ನೆ ಬಿಡಿಸಿ ಕೊಡುತ್ತೇನೆ, ಅದಕ್ಕೆಂದೇ ಒಳಗೆ ಬಟ್ಟೆ ಬಿಟ್ಟಿರುತ್ತೇನೆ. ಆದರೆ ಕಟಿಂಗ್ ಆದ ಮೇಲೆ "ರೌಂಡ್ ನೆಕ್ ಬೇಡ, ಬೋಟ್ ನೆಕ್ ಮಾಡಿ" ಅಂದರೆ ಅದು ಆಲ್ಟ್ರೇಷನ್ ಅಲ್ಲ, ಹೊಸ ಬ್ಲೌಸು. ನೀನು ಒಂದೇ ಲೇಖನವನ್ನು ಐದು ಸಲ ತಿರುಗಿಸಿ ಬರೆದದ್ದನ್ನು ನಾನೇ ನೋಡಿದ್ದೇನೆ. ರಾತ್ರಿ ಎರಡು ಗಂಟೆಗೆ. ಐದು ಸಲ ಬರೆದ ಮೇಲೆ ಪದಕ್ಕೆ 40 ಪೈಸೆ ಎಲ್ಲಿ ಉಳಿಯಿತು? ಎಂಟು ಪೈಸೆ. ಎರಡು ಸಲ ತಿದ್ದಿ ಕೊಡುತ್ತೇನೆ, ಆಮೇಲೆ ಬೇರೆ ದುಡ್ಡು ಅಂತ ಮೊದಲೇ ಮೇಲ್ ಹಾಕಿಬಿಡು.

ನೋಡು, ಪಾಠ ಹೇಳಬಾರದು ಅಂದುಕೊಂಡೇ ಕೂತೆ. ಶುರುವಾಗಿದೆ, ಇನ್ನು ನಿಲ್ಲುವುದಿಲ್ಲ.

ನನಗಿರುವ ಒಂದು ಅನುಕೂಲ ನಿನಗಿಲ್ಲ. ಕೂಲಿ ಬರುವ ತನಕ ಬ್ಲೌಸು ನನ್ನ ಹ್ಯಾಂಗರ್‌ನಲ್ಲೇ ಇರುತ್ತೆ. ನಾಳೆ ಮದುವೆ ಇದ್ದವಳು ಇವತ್ತು ಬಂದೇ ಬರುತ್ತಾಳೆ. ನೀನು ಮೇಲ್ ಕಳಿಸಿದರೆ ಮುಗಿಯಿತು, ವಾಪಸ್ ಎಳೆದುಕೊಳ್ಳುವಂತಿಲ್ಲ. ಅದಕ್ಕೇ ಅರ್ಧ ಮುಂಗಡ ತಗೋ. ಕೊಡದಿದ್ದರೆ ಎರಡು ಲೇಖನ ಕೊಟ್ಟು ನಿಲ್ಲು, ಅದರ ದುಡ್ಡು ಬಂದ ಮೇಲೆ ಮುಂದಿನದು. 18 ಒಟ್ಟಿಗೆ ಕೊಟ್ಟದ್ದು ನಿನ್ನ ತಪ್ಪು. ತಪ್ಪು ಅಂತ ಬೈಯುತ್ತಿಲ್ಲ, ನಾನು 11 ಕೊಟ್ಟಿದ್ದೆನಲ್ಲ.

ಫಾಲ್ಸ್ ಹೊಲಿಸಲು ಬರುವ ಒಬ್ಬರು ಆಡಿಟರ್ ಆಫೀಸಿನಲ್ಲಿದ್ದಾರೆ. ನಿನ್ನೆ ಅವರನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ಕಂಪನಿಯವರು ನಿನ್ನ ದುಡ್ಡಿನಲ್ಲಿ ಟಿಡಿಎಸ್ ಅಂತ, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ, 10 ಪರ್ಸೆಂಟ್ ಹಿಡಿದರೆ ಅದು ಹೋದ ದುಡ್ಡಲ್ಲವಂತೆ. ನಿನ್ನ ಪ್ಯಾನ್ ಹೆಸರಲ್ಲಿ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಕಾಣುತ್ತೆ, ತೆರಿಗೆ ಬಾರದಷ್ಟೇ ಆದಾಯ ಇದ್ದರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ. ಹಿಡಿದು ಸರ್ಕಾರಕ್ಕೆ ಕಟ್ಟದೇ ಇದ್ದಾರೆಯೇ ಅಂತ ನೋಡುತ್ತಿರು. ಇನ್ನೊಂದು, ಉದ್ಯಮ್ ನೋಂದಣಿ, ಸಣ್ಣ ಉದ್ದಿಮೆಯವರು ಸರ್ಕಾರದಲ್ಲಿ ಹೆಸರು ಬರೆಸುವುದು. ಮೋಟರ್ ಮೆಷಿನ್‌ಗೆ ಮುದ್ರಾ ಸಾಲ ತಗೊಂಡಾಗ ನಾನು ಮಾಡಿಸಿದ್ದೆನಲ್ಲ, ಅದೇ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರದ ಸೈಟಿನಲ್ಲಿ ಪುಕ್ಕಟೆ. ಬರೆಯುವ ಕೆಲಸಕ್ಕೂ ಆಗುತ್ತಂತೆ. ಅದಿದ್ದರೆ ನೀನು ಮಾಡಿಕೊಟ್ಟ ಕೆಲಸ ಒಪ್ಪಿಕೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು, ಇಷ್ಟು ದಿನ ಅಂತ ಬರೆದುಕೊಂಡಿಲ್ಲದಿದ್ದರೆ 15 ದಿನ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಂತೆ. ತಡವಾದರೆ ಬಡ್ಡಿ ಸೇರಿಸಿ ಕೇಳಬಹುದು, ಅದಕ್ಕೆಂದೇ ಇರುವ ಸರ್ಕಾರದ ಸೈಟಿನಲ್ಲಿ ದೂರು ಕೊಡಬಹುದು. ಈ 7,200ಕ್ಕೆ ಅದು ಉಪಯೋಗವಾಗುವುದು ಅನುಮಾನ. ಮುಂದಿನದಕ್ಕಾದರೂ ಇರಲಿ, ಈ ವಾರವೇ ಮಾಡಿಸಿಬಿಡು.

ಮನೆಯಲ್ಲೇ ಟೈಪಿಂಗ್ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದವರ ಹತ್ತಿರ ಹೋಗಬೇಡ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ.

ಆಷಾಢವನ್ನೂ ನೆನಪಿಟ್ಟುಕೋ. ಆ ತಿಂಗಳು ಮದುವೆ ಇಲ್ಲ, ನನಗೆ ಆರ್ಡರೂ ಇಲ್ಲ. ಅಡುಗೆ ಮನೆಯ ಹಾರ್ಲಿಕ್ಸ್ ಡಬ್ಬದಲ್ಲಿ ವರ್ಷವಿಡೀ ಹಾಕುತ್ತಿದ್ದದ್ದು ಅದಕ್ಕೇ. ನಿನ್ನ ಕೆಲಸದಲ್ಲಿ ಆಷಾಢ ಯಾವಾಗ ಬರುತ್ತೋ ಪಂಚಾಂಗದಲ್ಲೂ ಇರುವುದಿಲ್ಲ. ಮೂರು ತಿಂಗಳ ಬಾಡಿಗೆ ಬೇರೆ ಇಟ್ಟಿದ್ದೀಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಕೈ ಸಣ್ಣಗಾಗಿದೆ ನಿನ್ನದು. ನಾನು ಅಳತೆ ಟೇಪ್ ಹಿಡಿಯದೆಯೇ ಹೇಳಬಲ್ಲೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಗ್ಗೆ ನೀನು ಬರೆದದ್ದನ್ನು ಓದಿದೆ. ನೀನು ಕಳಿಸಲಿಲ್ಲ, ನಿನ್ನ ತಮ್ಮ ತೋರಿಸಿದ. ಮೂರು ಸಲ ಓದಿದೆ. ಅಳತೆ ಕೊಡಲು ಬಂದವರಿಗೂ ಓದಿ ಹೇಳಿದೆ. ಕೈ ಎತ್ತಿಕೊಂಡು ನಿಂತಿರುತ್ತಾರಲ್ಲ, ಪಾಪ, ಓಡಿ ಹೋಗುವಂತಿಲ್ಲ. ಒಬ್ಬರು ಕೆಳಗೆ ನಿನ್ನ ಹೆಸರೇ ಇಲ್ಲವಲ್ಲ ಅಂದರು. ನಾನು ಹೊಲಿದ ಬ್ಲೌಸಿನಲ್ಲಿ ನನ್ನ ಹೆಸರು ಇದೆಯೇ ಅಂತ ಕೇಳಿದೆ. ಕೇಳಿದೆನೇ ಹೊರತು ನನಗೂ ಒಂಥರಾ ಆಯಿತು.

ಮತ್ತೆ ಆ ಗೇಟಿಗೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಷ್ಟು ವರ್ಷ ನನಗೆ ನಾನೇ ಒಂದು ಕಥೆ ಹೇಳಿಕೊಂಡಿದ್ದೆ. ಆವತ್ತು ಕೆಲಸ ಜಾಸ್ತಿ ಇತ್ತು, ಅದಕ್ಕೇ ಹುಡುಗಿಯನ್ನು ಕಳಿಸಿದೆ ಅಂತ. ಕೆಲಸ ಇರಲಿಲ್ಲ ಪುಟ್ಟಿ. ಮೆಷಿನ್ ಮೇಲೆ ಬಟ್ಟೆ ಹೊದಿಸಿ ಸುಮ್ನೆ ಕೂತಿದ್ದೆ. ಎರಡು ಸಲ ನಾನೇ ಆ ಬೀದಿಯ ತನಕ ಹೋಗಿ ವಾಪಸ್ ಬಂದಿದ್ದೆ. ಕೇಳುವುದಕ್ಕೆ ನಾಚಿಕೆ. ಮಗು ಹೋದರೆ ಅಯ್ಯೋ ಪಾಪ ಅಂತ ಕೊಟ್ಟಾರು ಅಂದುಕೊಂಡೆ. ನನಗೇ ಇಲ್ಲದ ಬಾಯಿ ನಿನಗಿಲ್ಲ ಅಂತ ಬೈದೆ. ಕೊನೆಗೆ 900 ಕಳಿಸಿದರು, ತೋಳು ಬಿಗಿ ಅಂತ ಉಳಿದದ್ದು ಹಿಡಿದುಕೊಂಡರು. ಅದಕ್ಕೂ ಹೋಗಿ ಕೇಳಲಿಲ್ಲ ನಾನು.

ಭಾನುವಾರ ನಿನ್ನ ತಲೆ ತಗ್ಗಿದ್ದು ನೋಡಿ ಬಂದ ಸಿಟ್ಟು ಯಾರ ಮೇಲಿನದು ಅಂತ ಆಗ ನನಗೇ ಗೊತ್ತಾಗಲಿಲ್ಲ.

ಈಗ ಒಂದು ಕೆಲಸ ಇದೆ, ನಿನಗೇ. ಯುಗಾದಿಗೆ ಒಂದು ಬೊಟಿಕ್‌ಗೆ ಹೊಲಿದುಕೊಟ್ಟದ್ದರಲ್ಲಿ ನನಗೆ 2,850 ಬರಬೇಕು. ನಾನಿನ್ನೂ ಕೇಳಿಲ್ಲ. ನಗಬೇಡ. ನನ್ನ ಪರವಾಗಿ ಒಂದು ಮೆಸೇಜ್ ಬರೆದುಕೊಡು. ಬೇಡಿಕೊಂಡ ಹಾಗಿರಬಾರದು, ಜಗಳ ತೆಗೆದ ಹಾಗೂ ಇರಬಾರದು. ತಾರೀಖು, ಪೀಸ್ ಎಷ್ಟು, ದುಡ್ಡು ಎಷ್ಟು, ಯಾವ ದಿನದೊಳಗೆ, ಅಷ್ಟು ಬಂದರೆ ಸಾಕು. ಹೆಸರು ತೆಗೆದು ಅದನ್ನೇ ನಿನ್ನವರಿಗೂ ಕಳಿಸಬಹುದು.

ಪದಕ್ಕೆ ಒಂದು ರೂಪಾಯಿ ಕೊಡುತ್ತೇನೆ. 40 ಪದ ದಾಟಿಸಬೇಡ. ಅರ್ಧ ಮುಂಗಡ, 20 ರೂಪಾಯಿ, ಚಾರ್ಜರ್ ಸುತ್ತಿದ ಬಟ್ಟೆಯೊಳಗೆ ಇಟ್ಟಿದ್ದೇನೆ.

ನಿನ್ನ
ಅಮ್ಮ